ದೊಡ್ಡಮ್ಮ, ಚಿಕ್ಕಮ್ಮ, ಮೂಗಯ್ಯ

ಕವಿತಳ ಕಾರಿನಲ್ಲಿ ದಾರಿ ಹೇಳುವವರು ಮೂವರಿದ್ದರು. ಮೂವರೂ ಫೋನಿನೊಳಗಿನವರು, ಮೂವರಿಗೂ ಅವಳೇ ಹೆಸರಿಟ್ಟಿದ್ದಳು.

ದೊಡ್ಡಮ್ಮ ಅಂದರೆ ಫೋನು ಕೊಂಡಾಗಲೇ ಅದರೊಳಗೆ ಕೂತು ಬರುವ ಮ್ಯಾಪು. ಅವಳಿಗೆ ಲೋಕಜ್ಞಾನ ಬೇಕಾದಷ್ಟು. ಯಾವ ಅಂಗಡಿ ತೆರೆದಿದೆ, ಯಾವ ರಸ್ತೆಯಲ್ಲಿ ಲಾರಿ ಸಾಲುಗಟ್ಟಿದೆ, ಎಲ್ಲ ಬಲ್ಲವಳು. ಆದರೆ ಹತ್ತಿರದ ದಾರಿ ಅಂದರೆ ಪ್ರಾಣ ಬಿಡುತ್ತಾಳೆ. ಎರಡು ನಿಮಿಷ ಉಳಿಯುತ್ತದೆ ಅಂದರೆ ಯಾರದೋ ರಾಗಿ ಹೊಲದ ಬದುವಿನ ಮೇಲೆ ಕಾರು ಹತ್ತಿಸಲೂ ಹೇಸುವವಳಲ್ಲ. ಚಿಕ್ಕಮ್ಮ ಈಚೆಗೆ ಬಂದವಳು. ಮುಂದೆ ಹಂಪು ಇದೆ, ಗುಂಡಿ ಇದೆ ಎಂದು ಮೊದಲೇ ಎಚ್ಚರಿಸುವ ಒಳ್ಳೆ ಗುಣ ಇತ್ತು. ಆದರೆ ಪೇಟೆ ದಾಟಿದ ಮೇಲೆ ಅವಳಿಗೆ ಊರೂ ಗೊತ್ತಿಲ್ಲ, ಕೇರಿಯೂ ಗೊತ್ತಿಲ್ಲ. ಮೂರನೆಯವನು ಮೂಗಯ್ಯ. ಅವನಿಗೆ ಮಾತಿಲ್ಲ, ಬಣ್ಣವಿಲ್ಲ, ನೆಟ್‌ವರ್ಕೂ ಬೇಡ. ಯಾರೋ ಪುಣ್ಯಾತ್ಮರು ಕಾಲು ಸವೆಸಿ ಬರೆದಿಟ್ಟ ಗೆರೆಗಳೇ ಅವನ ಆಸ್ತಿ. ಗಾಡಿ ಜಾಡು, ಕೆರೆ ಏರಿ, ದನ ಹೊಡೆಯುವ ಓಣಿ, ಎಲ್ಲವೂ ಅವನಲ್ಲಿ ಕೂದಲೆಳೆಯ ಹಾಗೆ ಕಾಣುತ್ತಿದ್ದವು. ಅವನಿಗಿದ್ದ ದೊಡ್ಡ ರೋಗವೆಂದರೆ ಸತ್ತ ದಾರಿಯನ್ನೂ ಬದುಕಿದೆ ಎಂದು ತೋರಿಸುವುದು. ಊರಿಗಾಂನಲ್ಲಿ ಒಮ್ಮೆ ಅವನನ್ನು ನಂಬಿ ಹಳೇ ಚಿನ್ನದ ಗಣಿಯ ಕೂಲಿಕಾರರ ಲೈನುಮನೆಗಳ ನಡುವೆ ನುಗ್ಗಿದಾಗ, ಕಾರಿನ ಮೂತಿ ಹೋಗಿ ನಿಂತಿದ್ದು ಕಂಪನಿ ಕಾಲದ ಗೋಡೆಯೊಂದರ ಎದುರು. ಗೋಡೆಯ ಮೇಲೆ ಕೂತಿದ್ದ ಮೇಕೆ ಇವಳನ್ನು ನೋಡಿ ಮೆಲುಕು ಹಾಕುವುದನ್ನೇ ನಿಲ್ಲಿಸಿತ್ತು.

ಕವಿತಳ ಗಂಡ ನಾಗೇಶ್ ಇದ್ದಾಗ ಈ ಮೂವರ ಹಂಗು ಬೇಕಿರಲಿಲ್ಲ. ಅವನ ಬಿಳಿ ಕಾರು ಬಂಗಾರಪೇಟೆ ಸ್ಟೇಷನ್ ಎದುರಿನ ಸ್ಟ್ಯಾಂಡಿನಲ್ಲಿ ನಿಲ್ಲುತ್ತಿತ್ತು, ಸುತ್ತಲ ಹಳ್ಳಿಗಳೆಲ್ಲ ಅವನ ತಲೆಯಲ್ಲಿದ್ದವು. ಒಂದು ಮಧ್ಯಾಹ್ನ ಅದೇ ಸ್ಟ್ಯಾಂಡಿನಲ್ಲಿ, ಟೀ ಕುಡಿಯುತ್ತ ನಿಂತವನು ಎದೆ ಹಿಡಿದುಕೊಂಡು ಕೂತ. ಮತ್ತೆ ಏಳಲಿಲ್ಲ. ಆಮೇಲೆ ಕಾರು ಅವನ ತಮ್ಮ ಚಿರಂಜೀವಿಯ ಕೈಗೆ ಹೋಯಿತು. ಚಿರಂಜೀವಿ ಕೆಟ್ಟವನಲ್ಲ, ಆದರೆ ಅವನಿಗೆ ಕಾರೆಂದರೆ ಗೆಳೆಯರನ್ನು ತುಂಬಿಕೊಂಡು ತಿರುಗುವ ಡಬ್ಬಿ. ಕವಿತ ವರ್ಷ ತುಂಬುವವರೆಗೆ ನೋಡಿದಳು. ರಾಬರ್ಟ್‌ಸನ್‌ಪೇಟೆಯ ಡ್ರೈವಿಂಗ್ ಸ್ಕೂಲಿಗೆ ಹಾಲಿನ ಡೇರಿಗೆ ಹೋಗುವ ನೆಪದಲ್ಲಿ ಹೋಗಿ ಕಲಿತು, ಲೈಸೆನ್ಸ್ ಮಾಡಿಸಿ, ಒಂದು ಬೆಳಿಗ್ಗೆ ಮೊಳೆಗೆ ತೂಗುಹಾಕಿದ್ದ ಕೀ ತೆಗೆದುಕೊಂಡು ನೇರ ಸ್ಟ್ಯಾಂಡಿಗೆ ಹೋಗಿ ಕಾರು ನಿಲ್ಲಿಸಿದಳು.

ಅವತ್ತು ಕ್ಯಾಸಂಬಳ್ಳಿಯ ಅವರ ಮನೆಯಲ್ಲಿ ಆದ ರಂಪ ಪಕ್ಕದ ಬೀದಿಗೂ ಕೇಳಿಸಿತು. ಕೊನೆಗೆ ಮಾವ ಮುನಿಸ್ವಾಮಪ್ಪ ನಡುವೆ ಬಂದರು. ಮುನಿಸ್ವಾಮಪ್ಪ ಮೆದು ಮನಸ್ಸಿನವರು, ಸೊಸೆಗೆ ಗದರಿದವರಲ್ಲ. ಅವರು ಕೊಟ್ಟ ತೀರ್ಮಾನವೂ ಹಾಗೆಯೇ ಮೆತ್ತಗಿತ್ತು.

"ನಮ್ಮ ರಾಧಾಮಣಿ ಮದ್ವೆ ಆಗೋಗಂಟ ನೀನೇ ಓಡ್ಸಮ್ಮ. ಆಮೇಲೆ ಚಿರಂಜೀವಿ ನೋಡ್ಕೊತಾನೆ. ದಾರಿ ಗೊತ್ತಿಲ್ದೋರ ಕೈಗೆ ಗಾಡಿ ಕೊಟ್ರೆ ಎಷ್ಟು ದಿನ ನಡೀತದೆ, ನೀನೇ ಏಳು."

ರಾಧಾಮಣಿ ಆ ಮನೆಯ ಕಿರಿಮಗಳು, ಕವಿತಳ ನಾದಿನಿ. ಅವಳಿಗೆ ಆಗಿನ್ನೂ ಗಂಡು ಗೊತ್ತಾಗಿರಲಿಲ್ಲ.

ದಾರಿ ಗೊತ್ತಿಲ್ಲ ಎನ್ನುವ ಆ ಮಾತನ್ನು ಕವಿತ ಗಂಟು ಹಾಕಿಕೊಂಡಳು. ದಾರಿ ತಾನೇ? ಕಲಿತರೆ ಆಯಿತು. ಬಾಡಿಗೆ ಇಲ್ಲದ ಹೊತ್ತಿನಲ್ಲಿ ಒಂದೇ ಊರಿನ ಹೆಸರನ್ನು ಮೂವರಿಗೂ ಕೊಟ್ಟು ಕೇಳುವಳು. ದೊಡ್ಡಮ್ಮ ಏನಂತಾಳೆ, ಚಿಕ್ಕಮ್ಮ ಎಲ್ಲಿ ತಡವರಿಸುತ್ತಾಳೆ, ಮೂಗಯ್ಯನ ಗೆರೆ ಎಲ್ಲಿ ಬೇರೆಯಾಗುತ್ತದೆ ಎಂದು ನೋಡುವಳು. ಆಮೇಲೆ ಕಾರು ತೆಗೆದುಕೊಂಡು ಹೋಗಿ, ಸುಳ್ಳು ಹೇಳಿದವರು ಯಾರು ಎಂದು ತಾನೇ ಕಂಡುಕೊಂಡು ಬರುವಳು. ಬರುಬರುತ್ತ ಅವಳಿಗೆ ಮೂವರ ಸುಳ್ಳಿನ ಜಾತಿಯೂ ಗೊತ್ತಾಯಿತು. ದೊಡ್ಡಮ್ಮನದು ದುರಾಸೆಯ ಸುಳ್ಳು, ಚಿಕ್ಕಮ್ಮನದು ಅರಿಯದವಳ ಸುಳ್ಳು, ಮೂಗಯ್ಯನದು ಮುದುಕರ ಸುಳ್ಳು. ಒಬ್ಬರ ಬಾಯನ್ನು ಇನ್ನೊಬ್ಬರಿಂದ ಮುಚ್ಚಿಸಿದರೆ ನಡುವೆ ಎಲ್ಲೋ ನಿಜ ಸಿಗುತ್ತಿತ್ತು.

ಸ್ಟ್ಯಾಂಡಿನಲ್ಲಿ ಪಕ್ಕದ ಕಾರಿನವನು ಸೆಲ್ವರಾಜ್. ಊರಿಗಾಂನ ತಮಿಳಿನವನು, ನಾಗೇಶನ ಗೆಳೆಯ. ಅವನು ನಗುತ್ತಿದ್ದ.

"ತಂಗಚ್ಚಿ, ನೀನು ಮೂರು ಆಳನ್ನ ಕೇಳ್ಕೊಂಡು ಗಾಡಿ ಓಡಿಸ್ತೀಯ. ನಂಗೆ ಮನೇಲಿರೋ ಒಬ್ಬ ಪೊಂಡಾಟಿ ಮಾತು ಕೇಳಕ್ಕೇ ಆಗ್ತಿಲ್ಲಪ್ಪಾ!"

ನಕ್ಕರೂ ಅವನಿಗೆ ಒಂದು ಸಂಗತಿ ಗೊತ್ತಿತ್ತು, ಕವಿತಳಿಗೆ ಹೇಳಲು ಬಾಯಿ ಬಂದಿರಲಿಲ್ಲ. ಆಸ್ಪತ್ರೆಗೆ, ಕೋರ್ಟಿಗೆ, ತಾಲ್ಲೂಕು ಆಫೀಸಿಗೆ ಜನ ಅವಳ ಕಾರು ಹತ್ತುತ್ತಿದ್ದರು. ಮದುವೆಗೆ, ದೇವಸ್ಥಾನಕ್ಕೆ, ಹೆಣ್ಣು ನೋಡುವ ಶಾಸ್ತ್ರಕ್ಕೆ ಮಾತ್ರ ಹತ್ತುತ್ತಿರಲಿಲ್ಲ. ಹತ್ತಿರ ಬಂದು, ಒಳಗೆ ಬಗ್ಗಿ, ಅವಳ ಹಣೆ ನೋಡಿ, ಕೊರಳು ನೋಡಿ, "ನಿಮ್ಗೆ ಆ ಕಡೆ ದಾರಿ ಗೊತ್ತಿರಕಿಲ್ಲ ಬಿಡಮ್ಮ" ಎಂದು ಸೆಲ್ವರಾಜನ ಕಾರಿಗೆ ಹೋಗುತ್ತಿದ್ದರು. ಕವಿತ ಅದನ್ನು ದಾರಿಯ ಮಾತೆಂದೇ ನಂಬಿದಳು. ಮನೆಗೆ ಬಂದು ಆ ಕಡೆಯ ದಾರಿಯನ್ನೇ ಮೂವರನ್ನೂ ಕೇಳಿ ಬಾಯಿಪಾಠ ಮಾಡುತ್ತಿದ್ದಳು. ಜಾಣೆಯಾದ ಹೆಂಗಸು ಇಷ್ಟು ದಿನ ಹೇಗೆ ನಂಬಿದಳು ಅಂತೀರಾ? ನಂಬದೆ ಇದ್ದರೆ ಮಾರನೆಯ ಬೆಳಿಗ್ಗೆ ಎದ್ದು ಸ್ಟ್ಯಾಂಡಿಗೆ ಹೋಗುವುದು ಹೇಗೆ?

ರಾಧಾಮಣಿಗೆ ಗಂಡು ಗೊತ್ತಾಯಿತು. ಕಾಮಸಮುದ್ರದಿಂದ ಇನ್ನೂ ಒಳಗೆ, ಆಂಧ್ರದ ಗಡಿ ಕಡೆಯ ಹಳ್ಳಿ. ಗಂಡಿನ ಊರಿನ ಸಮುದಾಯ ಭವನದಲ್ಲೇ ಲಗ್ನ. ಹೆಣ್ಣನ್ನು ಇಲ್ಲಿಂದ ಕರೆದುಕೊಂಡು ಹೋಗಬೇಕು.

ಮದುವೆಯ ಹಿಂದಿನ ದಿನ ಜೋರು ಮಳೆ. ಸಂಜೆ ಕವಿತ ಅಭ್ಯಾಸಬಲದಿಂದ ಗಂಡಿನ ಊರನ್ನು ಮೂವರಿಗೂ ಕೊಟ್ಟು ನೋಡಿದಳು. ದೊಡ್ಡಮ್ಮ ಕಾಮಸಮುದ್ರಕ್ಕೂ ಮುಂಚೆಯೇ ಅಡ್ಡದಾರಿ ಹಿಡಿಸಿ, ರೈಲು ಹಳಿಯ ಕೆಳಗಿನ ಅಂಡರ್‌ಪಾಸಿನಲ್ಲಿ ತೂರಿಸುತ್ತಿದ್ದಳು. ಅಡುಗೆಯವರ ಜೊತೆ ಮಾತಾಡುತ್ತಿದ್ದ ಚಿರಂಜೀವಿಯ ಹತ್ತಿರ ಕವಿತ ಹೋಗಿ ಹೇಳಿದಳು.

"ನಾಳೆ ಅಂಡರ್‌ಪಾಸ್ ಕಡೆ ಓಗ್ಬೇಡಪ್ಪ, ಮಳೆ ಬಂದ್ರೆ ಅದು ಬಾವಿ ಆಗ್ತದೆ. ಸುತ್ತು ಆದ್ರೂ ಬಸ್ಸು ಓಗೋ ರೋಡಲ್ಲೇ ಓಗು."

"ಅತ್ಗೆ, ಈ ಕಡೆಲೆಲ್ಲ ನಾನು ಬೈಕಲ್ಲಿ ಕಣ್ಣು ಮುಚ್ಕೊಂಡು ಓಡಾಡಿದೀನಿ. ನೀನು ಇಂದೆ ಕೂತ್ಕೊ, ಸಾಕು."

ಹೌದು, ಹಿಂದೆ. ಆ ಬಗ್ಗೆ ಮನೆಯಲ್ಲಿ ಚರ್ಚೆಯೇ ಆಗಿತ್ತು. ನೆಂಟರ ಬಸ್ಸಿನಲ್ಲಿ ಅತ್ತೆ ಮುತ್ಯಾಲಮ್ಮ ಮುಂಚೆ ಹೋಗುವುದು, ಹೆಣ್ಣಿನ ಕಾರನ್ನು ಚಿರಂಜೀವಿ ಓಡಿಸುವುದು, ಮುಂದೆ ಮುನಿಸ್ವಾಮಪ್ಪ. ಕವಿತ ಬಸ್ಸಿನಲ್ಲಿ ಬರಲಿ ಅಂದಿದ್ದರು. ಅತ್ತಿಗೆ ಪಕ್ಕದಲ್ಲಿಲ್ಲದಿದ್ದರೆ ಕಾರೇ ಹತ್ತುವುದಿಲ್ಲ ಎಂದು ರಾಧಾಮಣಿ ಹಟ ಹಿಡಿದದ್ದರಿಂದ ಹಿಂದಿನ ಸೀಟು ಸಿಕ್ಕಿತು. ಹಿಂದೆ ಕೂತರೆ ದೋಷವಿಲ್ಲ ಎಂದು ಯಾರೋ ಹಿರಿಯರು ಅಪ್ಪಣೆ ಕೊಟ್ಟರಂತೆ.

ಬೆಳಿಗ್ಗೆ ಮಳೆ ನಿಂತಿತ್ತು. ಕಾರಿಗೆ ಚೆಂಡು ಹೂವಿನ ಹಾರ ಕಟ್ಟಿ, ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು, ಈಡುಗಾಯಿ ಒಡೆದು ಹೊರಟರು. ಚಿರಂಜೀವಿ ಕಣ್ಣು ಮುಚ್ಚಿ ಓಡಿಸುವವನು ಹತ್ತು ನಿಮಿಷಕ್ಕೇ ಕಳ್ಳನ ಹಾಗೆ ತನ್ನ ಫೋನು ತೆಗೆದು ಸ್ಟೇರಿಂಗಿನ ಪಕ್ಕ ಸಿಕ್ಕಿಸಿದ. ದೊಡ್ಡಮ್ಮನ ದನಿ ಕೇಳಿದಾಗ ಕವಿತ ಕಿಟಕಿಯ ಕಡೆ ತಿರುಗಿ ನಕ್ಕಳು. ಅಡ್ಡದಾರಿಗೆ ತಿರುಗಿಸಿದಾಗ ನಗು ನಿಂತಿತು.

"ಚಿರಂಜೀವಿ, ಬೇಡ ಅಂದೆ ಅಲ್ವಾ."

"ಸುಮ್ಕಿರತ್ಗೆ."

ಗದ್ದೆಗಳ ನಡುವಿನ ಕಿರಿದಾದ ರಸ್ತೆ ಇಳಿಯುತ್ತ ಹೋಗಿ ಹಳಿಯ ಕೆಳಗೆ ನುಗ್ಗುತ್ತಿತ್ತು. ನುಗ್ಗುವ ಜಾಗದಲ್ಲಿ ಕೆಂಪು ನೀರು ಗೋಡೆಯ ಅರ್ಧದವರೆಗೆ ನಿಂತಿತ್ತು. ಅದರ ಮೇಲೆ ಒಂದು ಚಪ್ಪಲಿ ತೇಲುತ್ತಿತ್ತು. ಚಿರಂಜೀವಿ ಕಾರು ನಿಲ್ಲಿಸಿದ. ನಾಲ್ವರೂ ನೀರನ್ನೇ ನೋಡಿದರು.

ಒಂದಿಷ್ಟು ಹೊತ್ತಿನ ಮೇಲೆ ದೊಡ್ಡಮ್ಮ ಬಾಯಿಬಿಟ್ಟಳು, ಯು-ಟರ್ನ್ ತೆಗೆದುಕೊಳ್ಳಿ ಎಂದಳು. ನೀರಿನ ಸುದ್ದಿ ಅಷ್ಟು ಹೊತ್ತಿಗೆ ಅವಳಿಗೂ ಮುಟ್ಟಿರಬೇಕು. ಚಿರಂಜೀವಿ ಗೇರು ರಿವರ್ಸಿಗೆ ಹಾಕಿದ್ದೇ ತಡ, ಮುನಿಸ್ವಾಮಪ್ಪ ಅವನ ಕೈ ಹಿಡಿದರು.

"ತಿರುಗಿಸ್ಬೇಡ್ಲಾ! ಮದ್ವೆಗೆ ಒಂಟ ಎಣ್ಣು ಇಂದಕ್ಕೆ ತಿರುಗ್ಬಾರ್ದು."

"ಇನ್ನೇನ್ ಮಾಡೋದಪ್ಪ? ನೀರಾಗೆ ಇಳಿಸ್ಲಾ?"

"ಏನಾರ ಮಾಡು. ತಿರುಗಿಸ್ಬೇಡ."

ಈ ಮಾತು ಬರೀ ಶಾಸ್ತ್ರದ ಮಾತಲ್ಲ ಎಂದು ಆ ಕಾರಿನಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಮುನಿಸ್ವಾಮಪ್ಪನ ಅಕ್ಕನ ಮದುವೆಯಲ್ಲಿ, ಕಳಶ ಮರೆತು ಬಂದರೆಂದು ಹೆಣ್ಣಿನ ಗಾಡಿಯನ್ನು ಊರ ಹೊರಗಿಂದ ಹಿಂದಕ್ಕೆ ತಿರುಗಿಸಿದ್ದರಂತೆ. ಆ ಅಕ್ಕ ವರ್ಷ ತುಂಬುವುದರೊಳಗೆ ಬೋಳು ಹಣೆಯಲ್ಲಿ ತವರಿಗೆ ಬಂದಳು. ಅವಳನ್ನು ಸಾಯುವವರೆಗೆ ನೋಡಿಕೊಂಡವರು ಮುನಿಸ್ವಾಮಪ್ಪನೇ. ಆ ಭಯ ಅವರ ಮೂಳೆಗೆ ಇಳಿದಿತ್ತು.

ದೊಡ್ಡಮ್ಮನಿಗೆ ಇದೆಲ್ಲ ಎಲ್ಲಿ ಗೊತ್ತು? ಯು-ಟರ್ನ್ ತೆಗೆದುಕೊಳ್ಳಿ, ಯು-ಟರ್ನ್ ತೆಗೆದುಕೊಳ್ಳಿ ಎಂದು ಪುರೋಹಿತರ ಹಾಗೆ ಒಂದೇ ಸಮನೆ ಹೇಳತೊಡಗಿದಳು. ಮುನಿಸ್ವಾಮಪ್ಪನಿಗೆ ರೇಗಿತು.

"ಆರಿಸ್ಲಾ ಆ ಮುಂಡೇದುನ್ನ!"

ಅಂದ ಮೇಲೆ ಅವರ ಬಾಯಿ ಹಾಗೇ ನಿಂತಿತು. ಸಿಟ್ಟಿಗೆ ಬಂದರೆ ಗಂಡಸರ ಬಾಯಲ್ಲಿ ಮೊದಲು ಬರುವ ಬೈಗುಳ ಅದೇ. ಹಿಂದಿನ ಸೀಟಿನಲ್ಲಿ ಕವಿತ ಕೂತಿದ್ದಾಳೆಂಬುದು ಅವರಿಗೆ ಆಗ ನೆನಪಾಯಿತು. ಚಿರಂಜೀವಿ ಫೋನಿನಲ್ಲಿ ಮ್ಯಾಪು ಆರಿಸಿದ.

ಕವಿತ ಬ್ಯಾಗಿನಿಂದ ನಾಗೇಶನ ಹಳೇ ಫೋನು ತೆಗೆದಳು. ಮೂಗಯ್ಯನನ್ನು ಅವಳು ಇಟ್ಟಿದ್ದು ಅದರಲ್ಲೇ. ಅಂಡರ್‌ಪಾಸಿಗೆ ಸ್ವಲ್ಪ ಈಚೆ, ಕಾರು ನಿಂತ ಕಡೆಯೇ, ಎಡಕ್ಕೆ ಒಂದು ಕೂದಲೆಳೆ ಗೆರೆ. ಹಳಿಯ ಪಕ್ಕದಲ್ಲೇ ಹೋಗಿ, ಕೆರೆ ಏರಿ ಹತ್ತಿ, ಆಚೆ ರೈಲ್ವೆ ಗೇಟಿಗೆ ಸೇರುತ್ತಿತ್ತು. ತನ್ನ ಫೋನಿನಲ್ಲಿ ಚಿಕ್ಕಮ್ಮನನ್ನು ಕೇಳಿದಳು. ಅಲ್ಲಿ ಏನೂ ಇಲ್ಲ, ಬರೀ ಬಯಲು ಅಂದಳು ಅವಳು. ಅದು ಅರಿಯದವಳ ಮಾತು, ಲೆಕ್ಕಕ್ಕಿಲ್ಲ. ಮೂಗಯ್ಯನ ಗೆರೆ ಸತ್ತದ್ದೋ ಬದುಕಿದ್ದೋ ಅನ್ನುವುದಷ್ಟೇ ಪ್ರಶ್ನೆ. ಹಿಂದಿನ ಸಂಜೆ ದೊಡ್ಡಮ್ಮನಲ್ಲಿ ಆಕಾಶದಿಂದ ತೆಗೆದ ಚಿತ್ರವನ್ನೂ ನೋಡಿದ್ದಳು, ಅದು ನೆನಪಿಗೆ ಬಂತು. ಏರಿಯ ಮೇಲೆ ಎರಡು ಬಿಳಿ ಗೀರು ಜೊತೆಜೊತೆಯಾಗಿ ಓಡಿದ್ದವು. ಟ್ರ್ಯಾಕ್ಟರಿನ ಜಾಡು. ಟ್ರ್ಯಾಕ್ಟರ್ ಹೋದ ಕಡೆ ಕಾರೂ ಹೋದೀತು.

"ಎಡಕ್ಕೆ ದಾರಿ ಐತೆ," ಅಂದಳು. "ಇಂದಕ್ಕೆ ತಿರುಗೋ ಅಂಗಿಲ್ಲ. ಗೇಟ್ ದಾಟಿದ್ರೆ ಆ ಕಡೆ ಊರು."

ಚಿರಂಜೀವಿ ಕೈ ಚಾಚಿದ. "ಕೊಡು ಫೋನು."

ಕೊಡಬಹುದಿತ್ತು. ಕೊಟ್ಟು, ಹಿಂದೆ ಕೂತು, ಎಡ ಬಲ ಎಂದು ಹೇಳುತ್ತ ಹೋಗಬಹುದಿತ್ತು. ಒಳ್ಳೆ ಸೊಸೆಯರು ಹಾಗೆಯೇ ಮಾಡುತ್ತಾರೆ. ಆದರೆ ಆ ಬೈಗುಳ ಇನ್ನೂ ಕಾರಿನೊಳಗೇ ಇತ್ತು. ಕವಿತ ಫೋನನ್ನು ಮಡಿಲಿಗೆ ಹಾಕಿಕೊಂಡಳು.

"ಫೋನು ಕೊಡಕಿಲ್ಲ. ನಾನು ಓಡಿಸ್ತೀನಿ, ಇಳಿ."

"ಏನತ್ಗೆ, ಇಂಥ ಒತ್ನಲ್ಲಿ..."

"ನೀನು ಇಂಥ ಗೆರೆ ನಂಬ್ಕೊಂಡು ಒಂದು ದಿನಾನೂ ಓಡ್ಸಿಲ್ಲ. ಅರ್ಧಕ್ಕೆ ನಿಲ್ಲಿಸ್ತೀಯ. ನಿಲ್ಲಿಸಿದ್ರೆ ಅಲ್ಲಿ ತಿರುಗಿಸ್ಕೊಳಕ್ಕೂ ಜಾಗ ಇರಕಿಲ್ಲ. ಇಳಿ."

ಚಿರಂಜೀವಿ ಅಪ್ಪನ ಮುಖ ನೋಡಿದ. ಮುನಿಸ್ವಾಮಪ್ಪ ಹಿಂದಕ್ಕೆ ತಿರುಗದೆ, ಎದುರಿನ ಗಾಜನ್ನೇ ನೋಡುತ್ತ, ತುಂಬ ಮೆತ್ತಗೆ ಹೇಳಿದರು.

"ಬೇಡ ಕಣಮ್ಮ. ನಿಂಗೆ ದಾರಿ ಗೊತ್ತು, ಅದು ನಂಗೂ ಗೊತ್ತು. ದಾರಿ ಮಾತಲ್ಲ ಇದು. ಎಣ್ಣಿನ ಮುಂದೆ ನಿನ್ನಂಥೋಳು ಓಗ್ಬಾರ್ದು. ನಂಗೆ ಏಳಕ್ಕೆ ಒಟ್ಟೆ ಉರೀತದೆ, ಏನ್ ಮಾಡ್ಲಿ?"

ಇಷ್ಟು ದಿನ ಯಾರೂ ಬಾಯಿಬಿಟ್ಟು ಹೇಳದೆ ಇದ್ದದ್ದು ಕೊನೆಗೂ ಹೊರಗೆ ಬಂತು. ಕವಿತಳಿಗೆ ಸ್ಟ್ಯಾಂಡಿನಲ್ಲಿ ಬಗ್ಗಿ ನೋಡಿ ಹೋದ ಮುಖಗಳೆಲ್ಲ ಒಟ್ಟಿಗೆ ಕಂಡವು. ದಾರಿ ಕಲಿತರೆ ಆಯಿತು ಎಂದುಕೊಂಡು ಮೂರು ಮ್ಯಾಪುಗಳನ್ನು ಒಂದರ ಪಕ್ಕ ಒಂದಿಟ್ಟು ಕಣ್ಣು ಕೆಡಿಸಿಕೊಂಡ ಸಂಜೆಗಳೆಲ್ಲ ಕಂಡವು. ಅಳು ಬರಬೇಕಿತ್ತು. ಬಂದದ್ದು ಸಿಟ್ಟು. ಅದೂ ತನ್ನ ಮೇಲೆಯೇ ಮೊದಲು ಬಂತು, ಇಷ್ಟು ದಿನ ಮೋಸಹೋದೆನಲ್ಲ ಎಂದು.

"ಮಾವ," ಅಂದಳು. "ನನ್ ಮದ್ವೇಲಿ ಗಾಡಿ ಇಂದಕ್ಕೆ ತಿರುಗಿತ್ತಾ?"

ಮುನಿಸ್ವಾಮಪ್ಪ ಹೆಗಲ ಮೇಲಿನ ಟವಲು ಸರಿಮಾಡಿಕೊಂಡರು.

"ಏಳಿ. ತಿರುಗಿತ್ತಾ? ಮುಂದೆ ಯಾವ ಮುಂಡೆ ಓಗಿದ್ಲು? ಐದು ಜನ ಮುತ್ತೈದೆಯರು ಮುಂದೆ ನಡೆದಿದ್ರು. ನೀವೇ ಗಾಡಿಗೆ ಕಾಯಿ ಒಡೆದ್ರಿ. ಒಂದು ಶಾಸ್ತ್ರಾನೂ ತಪ್ಪಲಿಲ್ಲ. ಆದ್ರೂ ನಾಗೇಶ ಓದ. ಟೀ ಲೋಟ ಕೈಲಿಟ್ಕೊಂಡು ಓದ."

ಮುದುಕರ ಭುಜ ಒಮ್ಮೆ ಅಲುಗಿತು. ಸತ್ತವನು ಅವರ ಹಿರಿಮಗ. ಅದು ಕವಿತಳಿಗೂ ಗೊತ್ತಿತ್ತು, ಆದರೆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ನಿಜವಾದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಹೇಗೆ?

ಅಷ್ಟರಲ್ಲಿ ಚಿರಂಜೀವಿಯ ಫೋನು ಬಡಿದುಕೊಂಡಿತು. ಭವನದಿಂದ ಅತ್ತೆ ಮುತ್ಯಾಲಮ್ಮ. ಎಲ್ಲಿದ್ದೀರಿ, ಐನೋರು ಮುಹೂರ್ತ ಮೀರುತ್ತೆ ಅಂತಾವ್ರೆ, ಬೀಗರು ಬಾಗಿಲಲ್ಲಿ ಆರತಿ ಹಿಡ್ಕೊಂಡು ನಿಂತವ್ರೆ ಎಂದು ಅವಳು ಕೂಗಿದ್ದು ಎಲ್ಲರಿಗೂ ಕೇಳಿಸಿತು. ಚಿರಂಜೀವಿ ಬತ್ತಾ ಇದೀವಿ ಎಂದು ಇಟ್ಟ.

ಮದುವಣಗಿತ್ತಿ ರಾಧಾಮಣಿ ಅಲ್ಲಿಯವರೆಗೆ ಬಾಸಿಂಗದ ಭಾರಕ್ಕೆ ತಲೆ ತಗ್ಗಿಸಿ ಕೂತಿದ್ದವಳು, ತಲೆ ಎತ್ತಿದಳು.

"ಅಣ್ಣ, ಇಳಿ. ಅತ್ಗೆ ಓಡಿಸ್ಲಿ."

"ರಾಧಾ, ನೀನು ಸುಮ್ನಿರಮ್ಮ," ಅಂದರು ಮುನಿಸ್ವಾಮಪ್ಪ.

"ನಾನ್ಯಾಕಪ್ಪ ಸುಮ್ನಿರ್ಲಿ? ಕಾರಲ್ಲಿ ಕೂತಿರೋಳು ನಾನು. ಇಂದಕ್ಕೂ ಓಗ್ಬಾರ್ದು, ಅತ್ಗೆ ಮುಂದೇನೂ ಓಗ್ಬಾರ್ದು ಅಂದ್ರೆ, ಈ ನೀರು ಇಂಗೋಗಂಟ ಇಲ್ಲೇ ಕೂತಿರ್ಲಾ? ಎರಡ್ರಲ್ಲಿ ಒಂದು ಆಗ್ಲೇಬೇಕಲ್ಲ. ನಂಗೆ ಅತ್ಗೆ ಸಾಕು."

ಚಿರಂಜೀವಿ ಇಳಿದ. ಅಪ್ಪ ಹೇಳಲಿ ಎಂದು ಕಾಯಲಿಲ್ಲ, ಅದು ಅವನ ದೊಡ್ಡತನ. ಕವಿತ ಸುತ್ತಿ ಬಂದು ಸ್ಟೇರಿಂಗಿನ ಮುಂದೆ ಕೂತು, ಸೀಟನ್ನು ಮುಂದಕ್ಕೆ ಎಳೆದುಕೊಂಡಳು. ಮುನಿಸ್ವಾಮಪ್ಪ ಪಕ್ಕದಲ್ಲೇ ಇದ್ದರು. ಒಂದು ಕರಾರು ಹಾಕಿದರು.

"ಊರು ಕಂಡ ತಕ್ಷಣ ನಿಲ್ಸು. ಅಲ್ಲಿಂದ ಚಿರಂಜೀವಿ ತಗೊಂಡೋಗ್ಲಿ. ಬೀಗರಿಗೆ ಗೊತ್ತಾಗೋದು ಬೇಡ."

ಕವಿತ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಕಾರನ್ನು ಎಡಕ್ಕೆ ಇಳಿಸಿದಳು.

ಮೊದಲ ಭಾಗ ಸುಲಭವಿತ್ತು. ಹಳಿಯ ಪಕ್ಕದ ಗಟ್ಟಿ ಮಣ್ಣು, ನಡುವೆ ಹುಲ್ಲು. ಒಂದು ಕಡೆ ರಾಗಿ ಹೊಲವನ್ನು ಆನೆಗಳು ತುಳಿದು ಹೋಗಿದ್ದವು, ಹೊಲದವನು ಬದುವಿನ ಮೇಲೆ ಕೂತು ಹೂವಿನ ಹಾರ ಹಾಕಿದ ಕಾರು ಇಲ್ಲಿ ಯಾಕೆ ಬಂತೆಂದು ಬೆರಗಾಗಿ ನೋಡಿದ. ಏರಿ ಹತ್ತುವಾಗ ಚಕ್ರ ಜಾರಿತು. ಕವಿತ ಆಕ್ಸಿಲರೇಟರ್ ಬಿಡದೆ, ಒತ್ತದೆ, ನಾಗೇಶ ಮನೆಯ ಎಮ್ಮೆಯನ್ನು ಕೆರೆಗೆ ಇಳಿಸುವಾಗ ಹಗ್ಗ ಹಿಡಿಯುತ್ತಿದ್ದ ಹದದಲ್ಲಿ ಹಿಡಿದಳು. ಕಾರು ಹತ್ತಿತು.

ಏರಿಯ ಮೇಲೆ ಬಂದ ಮೇಲೆ ಮೂಗಯ್ಯ ಕೈಕೊಟ್ಟ. ಫೋನಿನಲ್ಲಿ ಕಾರಿನ ಚುಕ್ಕಿ ಗೆರೆ ಬಿಟ್ಟು ಕೆರೆಯ ನಡುವೆ ಈಜುತ್ತಿತ್ತು. ಗೆರೆ ಬಲಕ್ಕೆ ಬಾಗಿದ್ದ ಕಡೆ ಕಣ್ಣೆದುರು ಇದ್ದದ್ದು ಜಾಲಿ ಮೆಳೆ. ಕವಿತಳಿಗೆ ಊರಿಗಾಂನ ಗೋಡೆ ನೆನಪಾಯಿತು. ಇಲ್ಲಿ ದಾರಿ ಸತ್ತಿದ್ದರೆ ಮುಗಿಯಿತು. ಒಂದು ಕಡೆ ನೀರು, ಇನ್ನೊಂದು ಕಡೆ ಇಳಿಜಾರು, ತಿರುಗಿಸಲು ಒಂದು ಗೇಣು ಜಾಗವಿಲ್ಲ. ಹೆಣ್ಣಿನ ಕಾರನ್ನು ರಿವರ್ಸಿನಲ್ಲಿ ತಂದವಳು ಎಂಬ ಹೆಸರು ಸಾಯುವವರೆಗೆ ನಿಲ್ಲುತ್ತದೆ, ರಂಡೆ ಮುಂದೆ ಹೋದದ್ದಕ್ಕೇ ಹೀಗಾಯಿತು ಎಂದು ಊರೆಲ್ಲ ಹೇಳುತ್ತದೆ. ಹಿಂದಿನಿಂದ ಚಿರಂಜೀವಿ ಏನೋ ಹೇಳಹೋದ. ರಾಧಾಮಣಿ ಅವನ ಕೈ ಚಿವುಟಿದಳು.

ಕವಿತ ಫೋನು ನೋಡುವುದನ್ನು ಬಿಟ್ಟು ನೆಲ ನೋಡಿದಳು. ಮೆಳೆಯ ಎಡಕ್ಕೆ, ಒದ್ದೆ ಮಣ್ಣಿನಲ್ಲಿ, ಟ್ರ್ಯಾಕ್ಟರ್ ಚಕ್ರದ ಹೊಸ ಅಚ್ಚು. ಮಳೆ ನಿಂತ ಮೇಲೆ ಯಾರೋ ಹೋಗಿದ್ದರು. ದಾರಿ ಮೆಳೆಯನ್ನು ಬಿಟ್ಟು ಪಕ್ಕಕ್ಕೆ ಸರಿದಿತ್ತು, ಅಷ್ಟೇ. ಆ ಅಚ್ಚಿನ ಮೇಲೆ ಚಕ್ರ ಇಟ್ಟು ಹೋದಳು. ಜಾಲಿ ಮುಳ್ಳು ಬಾಗಿಲನ್ನು ಉದ್ದಕ್ಕೂ ಗೀರಿತು. ಏರಿ ಇಳಿದು, ಒಂದು ಹುಣಸೆಮರ ಸುತ್ತಿದರೆ, ಎದುರಿಗೆ ರೈಲ್ವೆ ಗೇಟು ತೆರೆದುಕೊಂಡು ನಿಂತಿತ್ತು. ರಾಧಾಮಣಿ ಹಿಂದಿನಿಂದ ಅತ್ತಿಗೆಯ ಭುಜವನ್ನು ಗಟ್ಟಿಯಾಗಿ ಹಿಸುಕಿದಳು. ಮುನಿಸ್ವಾಮಪ್ಪ ಕೈಮುಗಿದರು, ಯಾವ ದೇವರಿಗೋ.

ಹಳಿ ದಾಟಿ ಸ್ವಲ್ಪ ದೂರಕ್ಕೆ ಗಂಡಿನ ಊರಿನ ನೀರಿನ ಟ್ಯಾಂಕು ಕಂಡಿತು. ವಾಲಗದ ಸದ್ದು ಕೇಳಿತು.

"ಇಲ್ಲೇ ನಿಲ್ಸಮ್ಮ," ಅಂದರು ಮುನಿಸ್ವಾಮಪ್ಪ.

ಕವಿತ ನಿಲ್ಲಿಸಲಿಲ್ಲ.

"ಕವಿತಾ, ನಿಲ್ಸು ಅಂದೆ."

"ಮಾವ, ಇಲ್ಲಿ ನಿಲ್ಲಿಸಿದ್ರೆ ನಾನು ಜೀವಮಾನ ಎಲ್ಲ ಊರ ಒರಗೇ ನಿಲ್ಬೇಕಾಗ್ತದೆ. ಆಗಕಿಲ್ಲ."

ಚಪ್ಪರದ ಬಾಯಿಗೆ ಕಾರು ತಂದು ನಿಲ್ಲಿಸಿದಳು. ವಾಲಗದವರು ಜೋರು ಮಾಡಿದರು. ಆರತಿ ತಟ್ಟೆ ಹಿಡಿದು ಮುಂದೆ ಬಂದವರು ಗಂಡಿನ ತಾಯಿ ಆದಿಲಕ್ಷ್ಮಮ್ಮ. ಭಾರೀ ಹೆಂಗಸು, ದನಿಯೂ ಭಾರಿ. ಅವರ ಹಿಂದೆ ಮುತ್ಯಾಲಮ್ಮ, ಹೆಂಗಸರ ಗುಂಪು. ಡ್ರೈವರ್ ಬಾಗಿಲು ತೆರೆದು ಕವಿತ ಇಳಿದದ್ದನ್ನು ಕಂಡು ಮುತ್ಯಾಲಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ಗುಂಪಿನಲ್ಲಿ ಗುಜುಗುಜು ಎದ್ದಿತು. ಮುನಿಸ್ವಾಮಪ್ಪ ಆಚೆ ಬಾಗಿಲಿನಿಂದ ಇಳಿದು ಬೇಗ ಬೇಗ ಹತ್ತಿರ ಬಂದು ಅಂಗೈ ಚಾಚಿದರು.

"ಕೀ ಕೊಡಮ್ಮ. ನೀನು ಆ ಕಡೆ ಓಗಿ ನಿಂತ್ಕೊ. ಚಿರಂಜೀವಿ ಓಡಿಸ್ಕೊಂಡ್ ಬಂದ ಅಂತೀನಿ."

ಕವಿತ ಸರಿಯಲಿಲ್ಲ. ಹಿಂದಿನ ಬಾಗಿಲ ಹತ್ತಿರ ಹೋಗಿ, ಅದರ ಹಿಡಿಯ ಮೇಲೆ ಕೈಯಿಟ್ಟು ನಿಂತಳು. ಆದಿಲಕ್ಷ್ಮಮ್ಮ ಅವಳ ಹಣೆ ನೋಡಿದರು, ಕೊರಳು ನೋಡಿದರು.

"ಯಾರಮ್ಮ ನೀನು?"

"ನಾನು ಎಣ್ಣಿನ ಅತ್ಗೆ, ಕವಿತ. ಇವಳ ದೊಡ್ಡಣ್ಣನ ಎಂಡ್ತಿ. ಅವನು ತೀರ್ಕೊಂಡ. ಇದು ಅವನ ಕಾರು, ಈಗ ನಂದು. ಅಂಡರ್‌ಪಾಸಲ್ಲಿ ನೀರು ನಿಂತಿತ್ತು, ಕೆರೆ ಏರಿ ಮೇಲೆ ನಾನೇ ಓಡಿಸ್ಕೊಂಡು ಬಂದೆ. ಇದನ್ನ ನೀವು ನಾಳೆ ಯಾರ ಬಾಯಲ್ಲೋ ಕೇಳೋದು ಬೇಡ ಅಂತ ಈಗ್ಲೇ ಏಳ್ತಾ ಇದೀನಿ."

ವಾಲಗ ತಡವರಿಸಿ ನಿಂತಿತು. ಕವಿತ ಹಿಡಿಯ ಮೇಲಿನ ಕೈ ತೆಗೆಯದೆ ಮುಂದುವರಿಸಿದಳು.

"ಎಣ್ಣು ಬೇಕಾ, ಆರತಿ ಎತ್ತಿ ಇಳಿಸ್ಕೊಳ್ಳಿ. ನಾನು ಮುಂದೆ ಬಂದಿದ್ದು ದೋಷ ಅಂತೀರಾ, ಅದನ್ನೂ ಬಾಯಿಬಿಟ್ಟು ಏಳಿ. ಇಂದಕ್ಕೆ ಓಗೋ ದಾರೀನೂ ನಂಗೆ ಗೊತ್ತು."

"ಅಯ್ಯೋ ನನ್ ಮನೆ ಆಳಾಯ್ತು," ಅಂದಳು ಮುತ್ಯಾಲಮ್ಮ.

ಎಲ್ಲರೂ ಕಾರಿನೊಳಗೆ ನೋಡಿದರು. ರಾಧಾಮಣಿ ಇಳಿಯಲು ಹೊರಡುವ ಲಕ್ಷಣವೇ ಇರಲಿಲ್ಲ. ಮಡಿಲಲ್ಲಿ ಕೈ ಜೋಡಿಸಿಕೊಂಡು, ಅತ್ತಿಗೆ ಹೇಳಿದರೆ ಹಿಂದಕ್ಕೆ ಹೋಗಲೂ ಸಿದ್ಧ ಎನ್ನುವವಳ ಹಾಗೆ ನೆಟ್ಟಗೆ ಕೂತಿದ್ದಳು. ಆದಿಲಕ್ಷ್ಮಮ್ಮ ಅವಳನ್ನು ನೋಡಿದರು, ಕವಿತಳನ್ನು ನೋಡಿದರು, ತಟ್ಟೆಯಲ್ಲಿ ಕುಣಿಯುತ್ತಿದ್ದ ದೀಪ ನೋಡಿದರು. ಒಳಗೆ ಐನೋರು ಕೂಗುತ್ತಿದ್ದರು.

"ಎಂಥಾ ಎಂಗಸಪ್ಪಾ ಇವಳು!" ಅಂದರು ಆದಿಲಕ್ಷ್ಮಮ್ಮ. ಮೆಚ್ಚಿ ಅಂದರೋ, ಮುನಿದು ಅಂದರೋ, ಇವತ್ತಿಗೂ ಅಲ್ಲಿದ್ದವರಲ್ಲಿ ಒಮ್ಮತವಿಲ್ಲ. "ದೀಪ ಆರೋಗ್ತದೆ, ಮಾತು ಸಾಕು. ಬಾಗಿಲು ತೆಗಿ."

ಕವಿತ ಬಾಗಿಲು ತೆಗೆದಳು. ತೆಗೆದ ಮೇಲೂ ಪಕ್ಕಕ್ಕೆ ಹೋಗಲಿಲ್ಲ. ರಾಧಾಮಣಿ ಇಳಿದು ಅವಳ ಕೈ ಹಿಡಿದುಕೊಂಡೇ ನಿಂತಳು. ಆರತಿ ತಟ್ಟೆ ಇಬ್ಬರ ಮುಂದೆಯೂ ಸುತ್ತಿತು, ಬೇಕೆಂದು ಸುತ್ತಿದ್ದಲ್ಲ, ಅವರನ್ನು ಬೇರೆ ಮಾಡಿ ಸುತ್ತಲು ಜಾಗವೇ ಇರಲಿಲ್ಲ. ವಾಲಗ ಮತ್ತೆ ಶುರುವಾಯಿತು, ಹೆಣ್ಣನ್ನು ಒಳಗೆ ಕರೆದುಕೊಂಡು ಹೋದರು.

ಚಪ್ಪರದ ಬಾಯಲ್ಲಿ ಮಾವ, ಸೊಸೆ ಇಬ್ಬರೇ ಉಳಿದರು. ಮುನಿಸ್ವಾಮಪ್ಪನ ಅಂಗೈ ಇನ್ನೂ ಚಾಚಿಯೇ ಇತ್ತು, ಮರೆತು ಹಾಗೆ ಬಿಟ್ಟಿದ್ದರೋ ಏನೋ.

"ಮದ್ವೆ ಇನ್ನೇನ್ ಆದಂಗೇ ಕಣಮ್ಮ," ಅಂದರು. "ಅಲ್ಲೀಗಂಟ ಅಂತ ಮಾತು ಆಗಿತ್ತು."

"ಆಗಿತ್ತು ಮಾವ. ದಾರಿ ಗೊತ್ತಿಲ್ದೋರ ಕೈಗೆ ಗಾಡಿ ಕೊಡಬಾರ್ದು ಅಂತ ಮಾತಾಗಿತ್ತು. ನಂಗೆ ದಾರಿ ಗೊತ್ತು ಅಂತ ಇವತ್ತು ನೀವೇ ಅಂದ್ರಿ."

ಅವರು ಬಾಯಿ ತೆರೆದರು. ಇನ್ನೊಂದು ಕಾರಣ ಇತ್ತು, ಆದರೆ ಅದನ್ನು ಮತ್ತೊಮ್ಮೆ ಸೊಸೆಯ ಮುಖಕ್ಕೆ ಹೇಳುವುದು ಅವರಿಂದ ಆಗಲಿಲ್ಲ. ಕೈ ತಾನಾಗಿ ಕೆಳಗಿಳಿಯಿತು. ಕವಿತ ಕೀಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ತಾಳಿ ಕಟ್ಟುವ ಹೊತ್ತಿಗೆ ಒಳಗೆ ಹೋಗಿ, ಎಲ್ಲರ ಜೊತೆ ತಾನೂ ಮುಷ್ಟಿ ತುಂಬ ಅಕ್ಷತೆ ತೆಗೆದುಕೊಂಡು, ನಾದಿನಿಯ ತಲೆಯ ಮೇಲೆ ಬೀಳುವ ಹಾಗೆ ಗುರಿಯಿಟ್ಟು ಎರಚಿದಳು.